ಕೆನ್ನೆಯಿಂದ ಮಂಡಿಗೆ ಇಳಿದ ಸ್ವಿಚ್ಚು

ಸ್ವಿಚ್ಚಕ್ಕನ ವಿಷಯ ನಾಲ್ಕು ಜನಕ್ಕೆ ತಿಳಿಯಬೇಕು. ಎಲ್ಲರೂ ಭೇಷ್ ಅಂದ ಕೆಲಸವನ್ನು ಅವಳು ತಾನೇ ತಪ್ಪು ಅಂದಳು, ಬಿಚ್ಚಿ ಹಾಕಿ ಮತ್ತೆ ಮಾಡಿದಳು. ಬೆನ್ನು ತಟ್ಟಿಸಿಕೊಂಡ ಮೇಲೆ ಹಾಗೆ ಮಾಡುವವರು ಕಡಿಮೆ. ಕಾರಣ ಅಷ್ಟೇ.

ಅವಳು ಕೈಕಾಲು ಆಡದವರಿಗೆ ಕಂಪ್ಯೂಟರ್ ಸ್ವಿಚ್ಚು ಮಾಡುತ್ತಾಳೆ. ಬೆರಳು ಆಡದವನಿಗೆ ಮೊಣಕೈ ಆಡಬಹುದು. ಅದೂ ಆಗದಿದ್ದರೆ ಕುತ್ತಿಗೆ, ಗಲ್ಲ, ಕಾಲಿನ ಹೆಬ್ಬೆರಳು. ಮೈಯಲ್ಲಿ ಯಾವ ಜಾಗ ಹೇಳಿದ ಮಾತು ಕೇಳುತ್ತದೋ ಅಲ್ಲಿ ಒಂದು ಸ್ವಿಚ್ಚು. ಕಂಪ್ಯೂಟರ್ ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಇರುತ್ತವೆ. ಹಳದಿ ಬೆಳಕೊಂದು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಸ್ವಿಚ್ಚು ಒತ್ತಬೇಕು. ಆಮೇಲೆ ಬೆಳಕು ಆ ಸಾಲಿನ ಒಂದೊಂದೇ ಅಕ್ಷರದ ಮೇಲೆ ನಡೆಯುತ್ತದೆ. ಬೇಕಾದ ಅಕ್ಷರಕ್ಕೆ ಮತ್ತೆ ಒತ್ತಬೇಕು. ಹೀಗೆ ಮಾತು ಕೂಡಿದ ಮೇಲೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

ಮೊದಲು ಅವಳು ಬಾಗಿಲ ಕರೆಗಂಟೆ ತಯಾರಿಸುವ ಕಾರ್ಖಾನೆಯಲ್ಲಿ ಜೋಡಣೆಗೆ ಕೂತವಳು. ಕಾರ್ಖಾನೆ ಮುಚ್ಚಿತು. ವಿಕಲಚೇತನರ ಕೇಂದ್ರದಲ್ಲಿ ಗಾಲಿಕುರ್ಚಿ ರಿಪೇರಿಗೆ ಸೇರಿಕೊಂಡಳು. ಅಲ್ಲಿಯ ಥೆರಪಿ ಮೇಡಂ ಒಮ್ಮೆ ಕೆಟ್ಟುಹೋದ ಕಂಪನಿ ಸ್ವಿಚ್ಚೊಂದನ್ನು ತಂದು ಅವಳ ಮೇಜಿನ ಮೇಲಿಟ್ಟರು. ಅವಳು ಬಿಚ್ಚಿ ನೋಡಿ, "ಅಯ್ಯೋ ಮೇಡಂ, ಇದೂ ಕರೆಗಂಟೇನೇ. ಟೊಪ್ಪಿ ಹಾಕ್ಕೊಂಡು ಕೂತಿದೆ ಅಷ್ಟೆ" ಅಂದಳು. ಅವತ್ತಿನಿಂದ ಗಾಲಿಕುರ್ಚಿ ಶೆಡ್ಡಿನ ಹಿಂದಿನ ಕೋಣೆ ಅವಳದಾಯಿತು. ಸ್ವಿಚ್ಚಕ್ಕ ಅನ್ನುವ ಹೆಸರೂ ಅಲ್ಲೇ ಅಂಟಿತು.

ಕೋಣೆಯಲ್ಲಿ ಒಂದು ಉದ್ದ ಮೇಜು, ಒಂದು ಸೋಲ್ಡರಿಂಗ್ ಐರನ್, ಹಲ್ಲುಜ್ಜುವ ಬ್ರಷ್ಷು, ಮುರಿದ ಕನ್ನಡಕಗಳು, ಛತ್ರಿ ಕಡ್ಡಿಗಳು, ಹೊಟ್ಟೆ ಬಿಚ್ಚಿದ ಹಳೇ ಮೌಸುಗಳು. ಮೌಸಿನೊಳಗೆ ಟಕ್ ಅನ್ನುವ ಪುಟ್ಟ ಕಪ್ಪು ತುಂಡು ಇರುತ್ತದಲ್ಲ, ಅವಳ ಬಂಡವಾಳವೇ ಅದು. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು. ಕೈ ಮಾತ್ರ ತಣ್ಣಗೆ ನಡೆಯುತ್ತದೆ.

ಕಂಡಕ್ಟರ್ ಅವಳ ಪಾಲಿಗೆ ಬಂದದ್ದು ಮೇಡಂ ಮೂಲಕ. ಬಸ್ಸಿನಲ್ಲಿ ತಲೆ ನರೆಯುವ ತನಕ ಟಿಕೆಟ್ ಹರಿದವನು. ಮಾತಿಗೆ ಮಾತು ಕೊಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಜಗಳಕ್ಕೆ ಬಂದ ಪ್ರಯಾಣಿಕರೂ ನಕ್ಕು ಇಳಿದು ಹೋಗುತ್ತಿದ್ದರಂತೆ. ಸ್ಟ್ರೋಕ್ ಹೊಡೆದ ಮೇಲೆ ಮಾತು ಪೂರ್ತಿ ಹೋಯಿತು, ಕೈಕಾಲೂ ಹೋದವು. ಬುದ್ಧಿ ಇದ್ದ ಹಾಗೇ ಇತ್ತು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಹೆಂಡತಿ "ಕ ಸಾಲಾ? ಚ ಸಾಲಾ?" ಅಂತ ಬಾಯಲ್ಲಿ ಅಕ್ಷರ ಹೇಳುತ್ತಾ ಹೋಗಬೇಕು, ಅವನು ಕಣ್ಣೆತ್ತಿ ತಡೆಯಬೇಕು. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿಕೊಡುವವಳು. ಇಸ್ತ್ರಿಪೆಟ್ಟಿಗೆ ಕೈಯಲ್ಲಿರುವಾಗ ಅಕ್ಷರ ಹೇಳುತ್ತಾ ಕೂರುವುದು ಎಲ್ಲಿ ಆದೀತು? ಅವನ ಮಂಚ ಅದೇ ಕೋಣೆಯಲ್ಲಿ, ರಸ್ತೆ ಕಡೆ ಕಿಟಕಿಗೆ ಹೊಂದಿಕೊಂಡು ಇತ್ತು.

ಮೇಡಂ, ಸ್ವಿಚ್ಚಕ್ಕ ಇಬ್ಬರೂ ಅವನ ಮೈಯಲ್ಲಿ ಜಾಗ ಹುಡುಕಿದರು. ಬೆರಳು ನಡುಗುತ್ತಿತ್ತು. ಹುಬ್ಬು ಬೇಗ ಸೋಲುತ್ತಿತ್ತು. ಬಲ ಮಂಡಿ ಸ್ವಲ್ಪ ಒಳಕ್ಕೆ ಸರಿಯುತ್ತಿತ್ತು, ಆದರೆ ಬಲು ನಿಧಾನ. ಮೇಡಂ ತಲೆಯಾಡಿಸಿ ಅದನ್ನು ಬಿಟ್ಟರು. ಅಷ್ಟರಲ್ಲಿ ಸ್ವಿಚ್ಚಕ್ಕನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಅವಳ ಕಾಲಿನ ಮೇಲೇ ಬಿತ್ತು. ಅವಳ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಂಡಕ್ಟರನ ಎಡಗೆನ್ನೆ ಪಟಕ್ಕನೆ ಮೇಲೇರಿತು.

"ನೋಡಿ, ನೋಡಿ! ಆ ಕೆನ್ನೆ!" ಅಂದರು ಮೇಡಂ. "ಏನು ಚುರುಕಾಗಿದೆ!"

ಕೆನ್ನೆಯೇ ನಿಕ್ಕಿಯಾಯಿತು. ಸ್ವಿಚ್ಚಕ್ಕ ಕನ್ನಡಕದ ಚೌಕಟ್ಟಿಗೆ ಛತ್ರಿ ಕಡ್ಡಿ ಬಗ್ಗಿಸಿ ಕಟ್ಟಿ, ತುದಿಗೆ ಮೌಸಿನ ತುಂಡು ಕೂರಿಸಿದಳು. ಕೆನ್ನೆ ಏರಿದರೆ ಟಕ್. ಮೊದಲ ದಿನ ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ಮುಗಿಬಿದ್ದಿದ್ದರು. ಕಂಡಕ್ಟರ್ ಒಂದೊಂದೇ ಅಕ್ಷರ ಆರಿಸಿದ. ಕಂಪ್ಯೂಟರ್ ಓದಿತು: "ಬಾಗ್ಲಲ್ಲಿ ನಿಂತ್ಕೋಬೇಡಿ, ಒಳಗೆ ಬನ್ನಿ." ಇಸ್ತ್ರಿ ಮೇಜಿಗೆ ಒರಗಿ ಹೆಂಡತಿ ಅತ್ತಳು. ಮೇಡಂ ಕೇಂದ್ರದ ಸಭೆಯಲ್ಲಿ ಆ ಸ್ವಿಚ್ಚು ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಿಚ್ಚಕ್ಕ ಅವತ್ತು ಮನೆಗೆ ಹಾಡು ಗುನುಗುತ್ತಾ ಹೋದಳು.

ಆಮೇಲೆ ಕೆಲವು ವಾರ ಹೋಯಿತು. ಮೇಡಂ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ನಿಂತರು. ಮುಖ ಸಪ್ಪಗಿತ್ತು.

"ಅಕ್ಕ, ಕಂಡಕ್ಟರ್ ಕಂಪ್ಯೂಟರ್ ಮುಟ್ತಾನೇ ಇಲ್ಲ. ಎಷ್ಟು ಬಳಸಿದ್ರು ಅಂತ ಅದೇ ತೋರಿಸತ್ತೆ. ದಿನದಿನಕ್ಕೂ ಕಮ್ಮಿ."

"ಕರೆಂಟು ಹೋಗಿರತ್ತೆ."

"ಅಷ್ಟು ದಿನಾನಾ? ಮುಂದಿನ ತಿಂಗಳು ಕೇಂದ್ರದ ಮುಖ್ಯಸ್ಥರು ನೋಡೋಕೆ ಬರ್ತಾರೆ. ನಮ್ಮ ಹತ್ರ ಇಂಥ ಕಂಪ್ಯೂಟರ್ ಇರೋದೇ ಕೆಲವು. ಬಳಸದೆ ಇದ್ರೆ ವಾಪಸ್ ತಗೊಂಡು ಕಾಯ್ತಿರೋರಿಗೆ ಕೊಡ್ತಾರೆ. ನಾನು ಬೇಡ ಅನ್ನೋಕಾಗಲ್ಲ. ಕಾಯ್ತಿರೋರದೂ ಜೀವಾನೇ ಅಲ್ವಾ?"

ಸ್ವಿಚ್ಚಕ್ಕನಿಗೆ ಉರಿದುಹೋಯಿತು. ಇಷ್ಟು ಕಷ್ಟಪಟ್ಟು ಮಾತು ತಂದುಕೊಟ್ಟರೆ ಮೂಲೆಗೆ ಹಾಕುವುದಾ? ಮಧ್ಯಾಹ್ನವೇ ಕಂಡಕ್ಟರನ ಮನೆಗೆ ಹೊರಟಳು.

ಕಂಪ್ಯೂಟರಿನ ಮೇಲೆ ಇಸ್ತ್ರಿಗೆ ಬಂದ ದಿಂಬಿನ ಕವರು ಹೊದಿಸಿತ್ತು. ಕನ್ನಡಕದ ಚೌಕಟ್ಟು ಕಿಟಕಿಯ ಮೊಳೆಗೆ ನೇತಾಡುತ್ತಿತ್ತು.

"ಏನಣ್ಣಾ, ನನ್ನ ಸ್ವಿಚ್ಚಿಗೆ ರಜೆ ಕೊಟ್ಟಿದ್ದೀಯಾ?"

ಕಂಡಕ್ಟರ್ ಅವಳನ್ನೇ ನೋಡಿದ. ಮುಖ ಕಲ್ಲಿನ ಹಾಗಿತ್ತು.

ಹೆಂಡತಿ ಅಂಗಿ ಕಾಲರಿಗೆ ನೀರು ಚಿಮುಕಿಸುತ್ತಾ ಹೇಳಿದಳು: "ಬೆಳಿಗ್ಗೆ ಒಂದಿಷ್ಟು ಹೊತ್ತು ಹಾಕ್ಸ್ಕೋತಾರೆ ಅಕ್ಕ. ನೀರು, ಬೆನ್ನು ನೋವು, ಫ್ಯಾನು, ಇಷ್ಟೇ ಹೇಳೋದು. ಸಂಜೆ ಇವರ ಬಸ್ಸಿನ ಡ್ರೈವರ್ ಬರೋ ಹೊತ್ತಿಗೆ ತೆಗಿ ಅಂತಾರೆ. ಮಾತಾಡೋಕೆ ಜನ ಬಂದಾಗ್ಲೇ ತೆಗಿಸ್ತಾರೆ. ಇದೆಂಥ ಮೊಂಡುತನಾನೋ ನನಗಂತೂ ಅರ್ಥ ಆಗಲ್ಲ."

ಸ್ವಿಚ್ಚಕ್ಕ ಕೆನ್ನೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಂಜೆಗೆ ತೆಗೆಸುತ್ತಾನೆ ಅಂದರೆ ಕೆನ್ನೆ ಸೋಲುತ್ತಿದೆ. ಒತ್ತುವುದಕ್ಕೆ ಬಲ ಸಾಲುತ್ತಿಲ್ಲ. ಸ್ವಿಚ್ಚು ಇನ್ನೂ ಹಗುರ ಆಗಬೇಕು. ಹಾಗಂತ ಅವನನ್ನು ಕೇಳಲಿಲ್ಲ. ತನ್ನ ಕೆಲಸ ತನಗೆ ಗೊತ್ತು ಅನ್ನುವ ಧೈರ್ಯ.

ಮಾರನೆಯ ದಿನ ಸಂಜೆ ಹೊಸ ಸ್ವಿಚ್ಚು ತಂದಳು. ಗರಿ ತಾಗಿದರೂ ಟಕ್ ಅನ್ನುವಂಥದ್ದು. ಕಂಡಕ್ಟರ್ ಕಣ್ಣು ಮುಚ್ಚಿದ. ಬೇಡ ಅನ್ನುವುದು ಸ್ಪಷ್ಟವಾಗಿತ್ತು. "ಇದು ಬೇರೆ ಥರ ಅಣ್ಣ, ನೋಡು ಒಂದ್ಸಲ" ಅಂತ ಅವಳೇ ಏರಿಸಿಬಿಟ್ಟಳು. ಅಷ್ಟರಲ್ಲಿ ಡ್ರೈವರ್ ಬಂದ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಹಳ ಕಾಲ ದುಡಿದವರು. ಅವನು ಸ್ಟೂಲು ಎಳೆದುಕೊಂಡು ಕೂತ.

"ಏನಪ್ಪಾ ದೊರೆ, ಇವತ್ತು ಕಿರೀಟ ಸಮೇತ ಕೂತಿದ್ದೀಯಾ! ನಿನ್ನೆ ಏನಾಯ್ತು ಗೊತ್ತಾ? ನನ್ನ ಹಲ್ಲು ಸೆಟ್ಟು ಸಿಗ್ಲಿಲ್ಲ ಅಂತ ಮನೆಯೆಲ್ಲಾ ಹುಡುಕಿಸಿ, ಸೊಸೆಗೆ ಬೈದು ಬೈದು ಸಾಕಾಯ್ತು. ಅವಳು ನಿಧಾನಕ್ಕೆ ಅಂದ್ಲು, ಮಾವಾ, ಹಲ್ಲಿಲ್ದೆ ಇಷ್ಟು ಸ್ಪಷ್ಟವಾಗಿ ಹೆಂಗೆ ಬೈತಿದ್ದೀರಾ ಅಂತ. ಮುಟ್ಟಿ ನೋಡ್ಕೋತೀನಿ, ಬಾಯಲ್ಲೇ ಇದೆ!"

ಕಂಡಕ್ಟರ್ ತುಟಿ ಬಿಗಿ ಹಿಡಿದ. ಕೆನ್ನೆ ಅದುರಿತು. ಟಕ್. ಮತ್ತೆ ಅದುರಿತು. ಟಕ್ ಟಕ್ ಟಕ್. ಪರದೆಯ ಮೇಲೆ ಅಕ್ಷರಗಳು ಉದುರಿದವು. ಕಂಪ್ಯೂಟರ್ ಎಲ್ಲವನ್ನೂ ಒಟ್ಟಿಗೆ ಕೂಗಿತು: "ಘಠ ಙಙ ಝ ಪೋ."

ಡ್ರೈವರ್ ಬಿದ್ದುಬಿದ್ದು ನಕ್ಕ. "ಇದ್ಯಾವ ಊರಿನ ಭಾಷೆಯಯ್ಯಾ!" ಅವನು ನಕ್ಕಷ್ಟೂ ಕಂಡಕ್ಟರನ ಕೆನ್ನೆ ಅದುರಿತು, ಅದುರಿದಷ್ಟೂ ಯಂತ್ರ ಕೂಗಿತು. ಕೊನೆಗೆ ಕಂಡಕ್ಟರ್ ಕಣ್ಣು ಬಿಗಿಯಾಗಿ ಮುಚ್ಚಿಬಿಟ್ಟ. ಅಂಚಿನಲ್ಲಿ ನೀರಿತ್ತು. ಹೆಂಡತಿ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದು ಚೌಕಟ್ಟು ಕಿತ್ತು ತೆಗೆದಳು. ಡ್ರೈವರನ ನಗು ಬಾಯಲ್ಲೇ ನಿಂತಿತು.

"ತಂಗ್ಯಮ್ಮಾ, ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಅಂದ. ಮೇಜಿನ ಮೇಲೆ ಯಾರದೋ ಅಂಗಿಯ ತೋಳು ಸೀದು ವಾಸನೆ ಬಂತು.

ಸ್ವಿಚ್ಚಕ್ಕ ಮಂಚದ ಅಂಚಿಗೆ ಕೂತಳು. ಕೆನ್ನೆ ಸೋತಿಲ್ಲ ಅನ್ನುವುದು ಅವಳಿಗೆ ಕಂಡಿತ್ತು. ಮಿಕ್ಕಿದ್ದು ಇನ್ನೂ ಹೊಳೆದಿರಲಿಲ್ಲ.

"ಅಣ್ಣಾ, ಏನಾಗ್ತಿದೆ ಹೇಳು. ಯಂತ್ರ ಬೇಡ. ಹಳೇ ಥರಾನೇ ಹೇಳು. ನಾನು ಅಕ್ಷರ ಓದ್ತೀನಿ."

ಅವನು ಕಣ್ಣು ತೆರೆದ. ಅವಳು ಸಾಲು ಹೇಳತೊಡಗಿದಳು. ಮೊದಲನೆಯ ಸಾಲಿಗೇ ಅವನ ಕಣ್ಣು ಮೇಲೇರಿತು. ಕ. ಕಾಗುಣಿತ ಹೇಳಿದಳು. ಕೆ.

"ಕೆಮ್ಮಾ?" ಅಂದಳು ಹೆಂಡತಿ. ಕಣ್ಣು ಮುಚ್ಚಿತು.

"ಕೆಲಸ?" ಅಂದ ಡ್ರೈವರ್. "ಕೆರೆತ? ಬೆನ್ನು ಕೆರೀಬೇಕಾ?"

"ನೀವಿಬ್ರೂ ಸುಮ್ನಿರಿ. ಅಣ್ಣ ಹೇಳ್ತಾನೆ."

ಮುಂದಿನ ಅಕ್ಷರಗಳಿಗೆ ಬಹಳ ಹೊತ್ತು ಹಿಡಿಯಿತು. ಅವನು ಹೇಳಿದ್ದು ಇಷ್ಟು: ಕೆನ್ನೆ ನನಗೆ ಬೇಕು.

ಮೂವರೂ ಅವನ ಮುಖ ನೋಡಿದರು. ಹೆಂಡತಿಗೆ ಮೊದಲು ಹೊಳೆಯಿತು.

"ನಗೋಕಾ?"

ಕಣ್ಣು ಮೇಲೇರಿತು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಾತು ಹೋದ ಮೇಲೂ ನಗ್ತಿದ್ರು ಅಕ್ಕ. ಒಂದೇ ಕೆನ್ನೇಲಿ ನಗ್ತಿದ್ರು. ಈ ಸ್ವಿಚ್ಚು ಹಾಕಿದಾಗೆಲ್ಲ ಅದು ನಿಂತೋಗ್ತಿತ್ತು. ಸುಸ್ತಾಗತ್ತೆ ಅಂದ್ಕೊಂಡೆ. ನನಗೆ ಹೊಳೀಲೇ ಇಲ್ಲ ನೋಡಿ."

ಸ್ವಿಚ್ಚಕ್ಕನಿಗೆ ಈಗ ಎಲ್ಲ ಕೂಡಿಬಂತು. ಆ ಕೆನ್ನೆ ಕಣ್ಣಿಗೆ ಬಿದ್ದಿದ್ದೇ ಅವನು ನಕ್ಕಿದ್ದಕ್ಕೆ. ನಗುವನ್ನೇ ಹಿಡಿದು ಕೆಲಸಕ್ಕೆ ಹಚ್ಚಿದ್ದಳು. ನಕ್ಕರೆ ಬರೆದದ್ದು ಕೆಡುತ್ತದೆ ಅಂತ ಅವನು ನಗು ನುಂಗುತ್ತಿದ್ದ. ನಗಬೇಕು ಅನ್ನಿಸಿದಾಗ ಮಾತೇ ಬೇಡ ಅಂತ ಸ್ವಿಚ್ಚು ತೆಗೆಸುತ್ತಿದ್ದ. ಅದು ತಿಳಿಯದೆ ಅವಳು ಸ್ವಿಚ್ಚನ್ನು ಇನ್ನಷ್ಟು ಹಗುರ ಮಾಡಿ ತಂದು ಕೂರಿಸಿದ್ದಳು.

"ತಪ್ಪಾಯ್ತು ಅಣ್ಣ" ಅಂದಳು. ಚೌಕಟ್ಟನ್ನು ಚೀಲಕ್ಕೆ ತುರುಕಿದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಕೇಳಿದಳು: "ಕೆನ್ನೆ ಬಿಟ್ಟೆ. ಯಾವ ಜಾಗ ಕೊಡ್ತೀಯ, ನೀನೇ ಹೇಳು."

ಅವನು ಹೇಳಿದ. ಮಂಡಿ.

ಡ್ರೈವರ್ ತೊಡೆ ತಟ್ಟಿಕೊಂಡ. "ಸರಿಯಾಗೇ ಹೇಳ್ದ! ಎರಡು ಕೈಯಲ್ಲೂ ಟಿಕೆಟ್ಟು, ಚಿಲ್ಲರೆ. ನಾನು ತಿರುವಲ್ಲಿ ಬಸ್ಸು ಎಳೆದಾಗ ಆ ಬಲ ಮಂಡೀನ ಸೀಟಿಗೆ ಒತ್ತಿ ನಿಂತ್ಕೋತಿದ್ದ. ಇವನು ಬಿದ್ದಿದ್ದು ನಾನು ನೋಡೇ ಇಲ್ಲ. ಬೀಳಿಸೋಕೆ ಬೇಕಾದಷ್ಟು ಪ್ರಯತ್ನ ಪಟ್ಟಿದ್ದೀನಿ."

ಮರುದಿನ ಮೇಡಂಗೆ ಹೇಳಿದಾಗ ಅವರು ಹಣೆ ಹಿಡಿದುಕೊಂಡರು.

"ಅಕ್ಕ, ಮಂಡಿ ತುಂಬ ನಿಧಾನ. ನೀವೂ ನೋಡಿದ್ರಲ್ಲ. ಕೆನ್ನೇಲಿ ಒಂದು ಮಾತು ಆಡೋ ಹೊತ್ತಿಗೆ ಮಂಡೀಲಿ ಅರ್ಧ ಮಾತೂ ಆಗಲ್ಲ. ಮುಖ್ಯಸ್ಥರು ಬಂದಾಗ ಏನು ತೋರಿಸೋದು?"

"ತೋರಿಸೋಕೆ ಏನೂ ಇಲ್ದಿದ್ರೆ ಇಲ್ಲ."

"ಒಂದು ಕೆಲಸ ಮಾಡೋಣ. ಕೆನ್ನೆ ಹಾಗೇ ಇರ್ಲಿ. ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಮಾತ್ರ ಅಕ್ಷರ ಬೀಳೋ ಹಾಗೆ ಕಂಪ್ಯೂಟರಲ್ಲಿ ಇಡ್ತೀನಿ. ಆಗ ನಕ್ರೂ ತೊಂದ್ರೆ ಇಲ್ಲ."

ಸ್ವಿಚ್ಚಕ್ಕ ಯೋಚಿಸಿದಳು. "ಒಳ್ಳೆ ನಗು ಸ್ವಲ್ಪ ಹೊತ್ತಲ್ಲ ಮೇಡಂ, ತುಂಬ ಹೊತ್ತು ಇರತ್ತೆ. ಆ ಡ್ರೈವರ್ ಬಂದ್ರೆ ಇನ್ನೂ ಉದ್ದ."

ಮೇಡಂ ಹಟದ ಹೆಂಗಸಲ್ಲ. ಅವತ್ತೇ ಕಂಡಕ್ಟರನ ಮನೆಗೆ ಬಂದು, ಮಂಚದ ಪಕ್ಕ ಬಗ್ಗಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಕೆನ್ನೆ ಆದರೆ ಬೇಗ. ಮಂಡಿ ಆದರೆ ನಿಧಾನ, ಮೊದಮೊದಲು ನೋವೂ ಇರುತ್ತದೆ. ಮುಖ್ಯಸ್ಥರು ಒಪ್ಪದಿದ್ದರೆ ಕಂಪ್ಯೂಟರ್ ಹೋಗಲೂಬಹುದು. ಕೆನ್ನೆನಾ ಅಂತ ಕೇಳಿದರು. ಕಣ್ಣು ಮುಚ್ಚಿತು. ಮಂಡಿನಾ ಅಂತ ಕೇಳಿದರು. ಕಣ್ಣು ಮೇಲೇರಿತು, ಅಲ್ಲೇ ನಿಂತಿತು.

"ಸರಿ. ನೀವು ಹೇಳಿದ್ದೇ ಆಗ್ಲಿ" ಅಂದರು ಮೇಡಂ.

ಸ್ವಿಚ್ಚಕ್ಕನ ಗಂಡ ಗಾಡಿ ಸೀಟು ಹೊಲಿಯುವವನು. ಮಂಡಿಗೆ ಒತ್ತು ಕೊಡುವ ದಿಂಬಿಗೆ ಅವನ ಹತ್ತಿರ ಸ್ಪಂಜು, ರೆಕ್ಸಿನ್ ಕೇಳಿದಳು.

"ನಾನು ಜನ ಕೂರೋಕೆ ಹೊಲೀತೀನಿ. ನೀನು ಮಾತಾಡೋಕೆ ಹೊಲಿಸ್ತಿದ್ದೀಯ" ಅಂದ ಅವನು. "ಗಟ್ಟಿ ಸ್ಪಂಜಾ, ಮೆತ್ತಂದಾ?"

"ಗಟ್ಟೀದು. ಬಸ್ಸಿನ ಸೀಟಿನ ಅಂಚು ಇರತ್ತಲ್ಲ, ಹಂಗೆ."

ಮೊದಲು ಮಾಡಿದ್ದು ಕೆಮ್ಮಿದರೂ ಒತ್ತಿಕೊಳ್ಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಮೇಜಿಗೆ ಬಡಿದರೆ ಕಾಲು ಬೆಚ್ಚಿ ಒತ್ತಿಕೊಳ್ಳುತ್ತಿತ್ತು. ಇಲ್ಲಿ ಮೇಡಂ ಹೇಳಿದ ಉಪಾಯ ಕೈಹಿಡಿಯಿತು. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ. ಕೆಮ್ಮಿದ್ದು, ಬೆಚ್ಚಿದ್ದು ಎಲ್ಲ ಅಕ್ಷರ ಬೀಳದೆ ಹಾದುಹೋಗುತ್ತಿತ್ತು. ಸ್ವಿಚ್ಚಕ್ಕ ಸ್ವಿಚ್ಚಿನ ಜಾಗವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ, ಪ್ರತಿ ಸಲವೂ "ಇಲ್ಲಿ ಸರಿನಾ ಅಣ್ಣ? ಇಲ್ಲಿ?" ಅಂತ ಕೇಳಿದಳು. ಅವನು ಕಣ್ಣು ಮುಚ್ಚಿದಾಗಲೆಲ್ಲ ಬಿಚ್ಚಿದಳು. ಒಂದು ಸಲವೂ ಗೊಣಗಲಿಲ್ಲ. ಅವಳಿಗೆ ಅದು ದೊಡ್ಡ ಮಾತು.

ಮಂಡಿಯಲ್ಲಿ ಅವನು ಮೊದಲು ಬರೆದದ್ದು ಅವಳಿಗೇ: "ಹೇಳಿದ್ರೆ ನಿನಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

"ಆಗ್ತಿತ್ತು" ಅಂದಳು ಅವಳು. "ಆದ್ರೂ ಹೇಳ್ಬೇಕಿತ್ತು, ಪುಣ್ಯಾತ್ಮ."

ಮುಖ್ಯಸ್ಥರು ಬಂದ ದಿನ ಕೋಣೆ ತುಂಬಿತ್ತು. ಮೇಜಿನ ಮೇಲೆ ಮಡಿಚಿದ ಬಟ್ಟೆಗಳ ರಾಶಿ. ಮುಖ್ಯಸ್ಥರಿಗೆ ಇದ್ದ ಒಂದೇ ಕುರ್ಚಿ ಕೊಟ್ಟರು. ಡ್ರೈವರ್ ಸ್ಟೂಲಿನಿಂದ ಏಳಲಿಲ್ಲ. ಮುಖ್ಯಸ್ಥರು ಮೇಡಂ ತೋರಿಸಿದ ಬಳಕೆಯ ಲೆಕ್ಕ ನೋಡಿ ಹುಬ್ಬು ಗಂಟಿಕ್ಕಿದರು.

"ಮೊದಲಿಗಿಂತ ನಿಧಾನ ಆಗಿದೆಯಲ್ರೀ?"

"ಹೌದು ಸರ್" ಅಂದರು ಮೇಡಂ. "ಆದ್ರೆ ಈಗ ಬೆಳಗಿಂದ ಸಂಜೆ ತನಕ ತೆಗೆಯೋಕೇ ಬಿಡಲ್ಲ."

ಡ್ರೈವರ್ ಸುಮ್ಮನಿರಲಾರದೆ ಬಾಯಿ ಹಾಕಿದ. "ಸಾರ್, ಇವನು ಎಂಥವನು ಗೊತ್ತಾ? ಒಂದ್ಸಲ ನಾನಿನ್ನೂ ಕೆಳಗೆ ನಿಂತು ಮುಖ ತೊಳೀತಿದ್ದೀನಿ. ಇವನು ನೋಡದೆ ಬಸ್ಸೊಳಗೆ ಸೀಟಿ ಊದ್ತಿದ್ದಾನೆ, ಹೊರಡು ಹೊರಡು ಅಂತ! ಬಸ್ಸು ಹೆಂಗೆ ಹೊರಡತ್ತೆ? ಜನ ಎಲ್ಲಾ ಇವನನ್ನ ಬಿಟ್ಟು ನನಗೆ ಬೈದ್ರು."

ಕಂಡಕ್ಟರನ ಎಡಗೆನ್ನೆ ಏರಿತು. ಏರಿ ಹಾಗೇ ನಿಂತಿತು. ಹೆಗಲು ಕುಲುಕಿತು. ಪರದೆಯ ಮೇಲೆ ಒಂದು ಅಕ್ಷರವೂ ಬೀಳಲಿಲ್ಲ. ಯಂತ್ರ ಉಸಿರೆತ್ತಲಿಲ್ಲ. ನಗುತ್ತಲೇ ಅವನು ಮಂಡಿ ಒತ್ತಿದ. ಹಳದಿ ಬೆಳಕು ನಿಂತಿತು. ನೀ. ನು. ಓ.

"ಓಡಿಹೋದೆ ಅಂತಾನೆ ಸಾರ್, ಸುಳ್ಳು..." ಅಂದ ಡ್ರೈವರ್.

"ರೀ, ಬಾಯಿ ಮುಚ್ಕೊಂಡು ಕೂತ್ಕೊಳ್ರೀ. ಅವನು ಇನ್ನೂ ಮುಗಿಸಿಲ್ಲ" ಅಂದಳು ಸ್ವಿಚ್ಚಕ್ಕ.

ಎಲ್ಲರೂ ಕಾದರು. ಮುಖ್ಯಸ್ಥರು ಎರಡು ಸಲ ಕಾಲು ಬದಲಿಸಿ ಕೂತರು. ಹೆಂಡತಿ ಒಂದು ಪ್ಯಾಂಟು ಪೂರ್ತಿ ಇಸ್ತ್ರಿ ಮಾಡಿ ಮಡಿಚಿಟ್ಟಳು. ಕೊನೆಗೆ ಯಂತ್ರ ಹೇಳಿತು: "ನೀನು ಓಡಿಸೋದಕ್ಕಿಂತ ಅದು ನಿಂತಿದ್ದೇ ವಾಸಿ."

ಮುಖ್ಯಸ್ಥರು ತಡೆಯಲಾರದೆ ನಕ್ಕುಬಿಟ್ಟರು. ಡ್ರೈವರ್ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡ. ನಗು ಇಳಿದ ಮೇಲೆ ಮುಖ್ಯಸ್ಥರು ಕಂಡಕ್ಟರನ ಕಡೆಗೇ ತಿರುಗಿ ಕೇಳಿದರು: "ಹಾಗಾದ್ರೆ ಈ ಕಂಪ್ಯೂಟರ್ ಏನ್ಮಾಡೋಣ ಹೇಳಿ."

ಕಣ್ಣಿನಲ್ಲೇ ಉತ್ತರ ಕೊಡಬಹುದಿತ್ತು. ಅವನು ಕೊಡಲಿಲ್ಲ. ಮತ್ತೆ ಬೆಳಕು ಸಾಲು ಇಳಿಯಿತು, ಮಂಡಿ ಒತ್ತಿತು, ಎಲ್ಲರೂ ಕಾದರು.

"ಕೊಡಲ್ಲ" ಅಂದಿತು ಯಂತ್ರ.

"ಆಯ್ತಪ್ಪ, ಇಟ್ಕೊಳ್ಳಿ" ಅಂದರು ಮುಖ್ಯಸ್ಥರು.

ಈಗ ಸ್ವಿಚ್ಚಕ್ಕ ಕೆಲಸದ ರೀತಿ ಬದಲಿಸಿದ್ದಾಳೆ. ಹೊಸಬರು ಯಾರಾದರೂ ಬಂದರೆ ಮೊದಲು ಅವರನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳುತ್ತಾಳೆ: "ಯಾವುದರಲ್ಲಿ ನಗ್ತೀರಿ, ಯಾವುದರಲ್ಲಿ ಕೋಪ ತೋರಿಸ್ತೀರಿ, ಮಗು ಬಂದ್ರೆ ಯಾವುದರಲ್ಲಿ ಮುದ್ದು ಮಾಡ್ತೀರಿ? ಆ ಜಾಗ ನಿಮಗೇ ಇರ್ಲಿ. ಮಿಕ್ಕಿದ್ದು ತೋರಿಸಿ." ಇದರಿಂದ ಕೆಲಸ ತಡವಾಗುತ್ತದೆ. ಮೇಡಂ ಕೂಡ ಈಗ ಅವಸರ ಮಾಡುವುದಿಲ್ಲ.

ಓದಿದವರಲ್ಲಿ ಒಂದು ಕೋರಿಕೆ. ಬಿಡುವಾದಾಗ ಗಾಲಿಕುರ್ಚಿ ಶೆಡ್ಡಿನ ಹಿಂದಿನ ಕೋಣೆಗೆ ಹೋಗಿ ಸ್ವಿಚ್ಚಕ್ಕನನ್ನು ನೋಡಿ. ಹೋದ ಕೂಡಲೇ ಬೈದರೆ ಬೇಸರ ಮಾಡಿಕೊಳ್ಳಬೇಡಿ, ಕೈಯಲ್ಲಿ ಬಿಸಿ ಕೆಲಸ ಇರುತ್ತದೆ. ಅಲ್ಲಿಂದ ಕಂಡಕ್ಟರನ ಮನೆಗೂ ಹೋಗಿ. ಏನಾದರೂ ಕೇಳಿ. ಅವನು ಅರ್ಧ ಹೇಳಿರುವಾಗ ನೀವು ಪೂರ್ತಿ ಮಾಡಲು ಹೋಗಬೇಡಿ. ಕೂತು ಕಾಯಿರಿ.